ಟ್ಯೂಬ್‌ಲೈಟ್ ಹತ್ತುತ್ತಿಲ್ಲವೇ? ಚೋಕ್, ಸ್ಟಾರ್ಟರ್, ಹೋಲ್ಡರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅಡುಗೆಮನೆಯಲ್ಲಿ ಇವತ್ತಿಗೂ ನಾಲ್ಕಡಿಯ ಹಳೇ ಟ್ಯೂಬ್‌ಲೈಟ್ ಇದೆ. ತಗಡಿನ ಪಟ್ಟಿ, ಅದರೊಳಗೆ ತೂಕದ ತಾಮ್ರದ ಚೋಕ್, ಪಕ್ಕದಲ್ಲಿ ತಿರುಗಿಸಿ ಕೂರಿಸುವ ಸ್ಟಾರ್ಟರ್. ಅಕ್ಕಪಕ್ಕದ ಮನೆಗಳಲ್ಲಿ ಲೈಟ್ ಕೆಟ್ಟಾಗ ನನ್ನನ್ನು ಕರೆಯುತ್ತಾರೆ. ಹೋದ ಕೂಡಲೇ ನಾನು ಸ್ಟೂಲ್ ಹತ್ತುವುದಿಲ್ಲ. ಸ್ವಿಚ್ ಹಾಕಿಸಿ, ಕೆಳಗೆ ನಿಂತು, ಒಂದು ನಿಮಿಷ ಸುಮ್ನೆ ನೋಡುತ್ತೇನೆ. ತುದಿ ಕೆಂಪಗಿದೆಯಾ, ಮಿಟುಕುತ್ತಿದೆಯಾ, ಸದ್ದು ಬರುತ್ತಿದೆಯಾ, ಇಲ್ಲ ಪೂರ್ತಿ ಸತ್ತಂತಿದೆಯಾ? ಯಾವ ಭಾಗ ಕೆಟ್ಟಿದೆ ಅಂತ ಬಹಳ ಸಲ ಅಲ್ಲೇ ಗೊತ್ತಾಗಿಬಿಡುತ್ತದೆ. ನೋಡದೆ ಕೈ ಹಾಕಿದರೆ ಚೆನ್ನಾಗಿರುವ ಟ್ಯೂಬನ್ನು ಎಸೆದು, ಹೊಸದಕ್ಕೆ ದುಡ್ಡು ಕೊಟ್ಟು, ಕೊನೆಗೆ ಸ್ಟಾರ್ಟರ್ ಬದಲಿಸುವಂತಾಗುತ್ತದೆ. ಜನ ನನ್ನನ್ನು ಕೇಳುವ ಪ್ರಶ್ನೆಗಳನ್ನು, ಕೇಳುವ ರೀತಿಯಲ್ಲೇ, ಇಲ್ಲಿ ಇಟ್ಟಿದ್ದೇನೆ.

ಟ್ಯೂಬ್‌ಲೈಟ್ ಹತ್ತುವುದು ಹೇಗೆ? ಮೊದಲು ಅದನ್ನು ಹೇಳಿ.

ಟ್ಯೂಬಿನ ಎರಡೂ ತುದಿಯಲ್ಲಿ ಒಂದೊಂದು ಸಣ್ಣ ಫಿಲಮೆಂಟ್ ಇರುತ್ತದೆ. ಒಳಗೆ ಸ್ವಲ್ಪ ಆರ್ಗಾನ್ ಥರದ ಅನಿಲ, ಜೊತೆಗೆ ಚೂರೇ ಚೂರು ಪಾದರಸ. ಗಾಜಿನ ಒಳಮೈಗೆ ಬಿಳಿ ಪುಡಿ ಬಳಿದಿರುತ್ತಾರೆ.

ಸ್ವಿಚ್ ಹಾಕಿದಾಗ ಕರೆಂಟ್ ಚೋಕ್ ದಾಟಿ, ಒಂದು ಫಿಲಮೆಂಟ್ ದಾಟಿ, ಸ್ಟಾರ್ಟರ್ ಒಳಗಿಂದ ಹಾದು, ಇನ್ನೊಂದು ಫಿಲಮೆಂಟ್ ಮೂಲಕ ವಾಪಸ್ ಹೋಗುತ್ತದೆ. ಎರಡೂ ತುದಿ ಕಾಯುತ್ತವೆ. ಒಂದೆರಡು ಸೆಕೆಂಡಿನಲ್ಲಿ ಸ್ಟಾರ್ಟರ್ ಪಟ್ ಅಂತ ದಾರಿ ಬಿಡಿಸುತ್ತದೆ. ಹರಿಯುತ್ತಿದ್ದ ಕರೆಂಟ್ ಒಮ್ಮೆಗೇ ನಿಂತಾಗ ಚೋಕ್ ನೂರಾರು ವೋಲ್ಟ್‌ನ ಒಂದು ಏಟು ಕೊಡುತ್ತದೆ. ಆ ಏಟಿಗೆ ಟ್ಯೂಬಿನೊಳಗೆ ಈ ತುದಿಯಿಂದ ಆ ತುದಿಗೆ ಕರೆಂಟ್ ಹರಿಯಲು ಶುರುವಾಗುತ್ತದೆ. ಪಾದರಸದ ಆವಿಯಿಂದ ಕಣ್ಣಿಗೆ ಕಾಣದ ಅಲ್ಟ್ರಾವಯೊಲೆಟ್ ಕಿರಣ ಹೊರಡುತ್ತದೆ, ಬಿಳಿ ಪುಡಿ ಅದನ್ನು ಬೆಳಕಾಗಿ ಮಾಡುತ್ತದೆ.

ಒಮ್ಮೆ ಹತ್ತಿದ ಮೇಲೆ ನಾಲ್ಕಡಿ ಟ್ಯೂಬಿನ ಎರಡು ತುದಿಗಳ ನಡುವೆ ಸುಮಾರು 100 ವೋಲ್ಟ್ ಮಾತ್ರ ಉಳಿಯುತ್ತದೆ. ಅಷ್ಟು ಕಡಿಮೆಗೆ ಸ್ಟಾರ್ಟರ್ ಮತ್ತೆ ಏಳುವುದಿಲ್ಲ. ಅಲ್ಲಿಂದ ಮುಂದೆ ಸ್ಟಾರ್ಟರ್‌ಗೆ ರಜೆ. ಚೋಕ್‌ಗೆ ಮಾತ್ರ ಕೆಲಸ ಮುಗಿಯುವುದಿಲ್ಲ. ಟ್ಯೂಬ್ ಮಿತಿಮೀರಿ ಕರೆಂಟ್ ಎಳೆದುಕೊಳ್ಳದಂತೆ ಅದು ಹಿಡಿದಿಟ್ಟಿರಬೇಕು. ಇಷ್ಟು ನೆನಪಿಟ್ಟುಕೊಂಡರೆ ಮುಂದಿನ ಉತ್ತರಗಳೆಲ್ಲ ಸುಲಭ.

ಕೈ ಹಾಕುವ ಮುಂಚೆ ಏನೇನು ಜಾಗ್ರತೆ?

ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು. ಆ ರೂಮಿನ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ಇಳಿಸಿ, ಇಲ್ಲವಾದರೆ ಮೇನ್ ಸ್ವಿಚ್ ಆಫ್ ಮಾಡಿ. ಯಾಕೆ ಅಂದರೆ ಹಳೇ ಮನೆಗಳಲ್ಲಿ ಕೆಲವು ಕಡೆ ಸ್ವಿಚ್ಚನ್ನು ಕರೆಂಟ್ ಬರುವ ಫೇಸ್ ತಂತಿಯ ಬದಲು ವಾಪಸ್ ಹೋಗುವ ನ್ಯೂಟ್ರಲ್ ತಂತಿಗೆ ಹಾಕಿಬಿಟ್ಟಿರುತ್ತಾರೆ. ಲೈಟ್ ಆರಿರುತ್ತದೆ, ಆದರೆ ಪಟ್ಟಿಯೊಳಗೆ ಫೇಸ್ ಹಾಗೇ ಇರುತ್ತದೆ. ಇದು ನಿಜಕ್ಕೂ ಅಪಾಯ.

ಟೆಸ್ಟರ್ ಇಟ್ಟು ನೋಡಿ. ಅದಕ್ಕೂ ಮೊದಲು ಕರೆಂಟ್ ಇರುವ ಒಂದು ಸಾಕೆಟ್‌ಗೆ ಇಟ್ಟು ಟೆಸ್ಟರ್ ಸರಿಯಾಗಿದೆಯಾ ಅಂತ ನೋಡಿಕೊಳ್ಳಿ. ಕೆಟ್ಟ ಟೆಸ್ಟರ್ ಎಲ್ಲಿ ಇಟ್ಟರೂ ಉರಿಯುವುದಿಲ್ಲ ಅಲ್ವಾ? ಮರದ ಅಥವಾ ಗಟ್ಟಿ ಪ್ಲಾಸ್ಟಿಕ್ ಸ್ಟೂಲ್ ಇರಲಿ, ಕಬ್ಬಿಣದ ಏಣಿ ಬೇಡ. ಕೈ ಒಣಗಿರಲಿ, ಕಾಲಿಗೆ ರಬ್ಬರ್ ಚಪ್ಪಲಿ ಇರಲಿ, ಕೆಳಗೆ ಒಬ್ಬರು ಸ್ಟೂಲ್ ಹಿಡಿದುಕೊಳ್ಳಲಿ. ಶಾಕ್ ಸಣ್ಣದಾದರೂ ಬೆಚ್ಚಿ ಕೆಳಗೆ ಬಿದ್ದು ಪೆಟ್ಟು ಮಾಡಿಕೊಂಡವರನ್ನು ನಾನು ನೋಡಿದ್ದೇನೆ.

ಸ್ವಿಚ್ ಹಾಕಿದರೆ ಏನೂ ಇಲ್ಲ. ತುದಿಯೂ ಕೆಂಪಾಗುವುದಿಲ್ಲ. ಎಲ್ಲಿಂದ ನೋಡಲಿ?

ಹಬ್ಬಕ್ಕೆ ಹಾಕುವ ಹಳೇ ಸೀರಿಯಲ್ ಸೆಟ್ ನೆನಪಿಸಿಕೊಳ್ಳಿ. ಒಂದು ಬಲ್ಬ್ ಹೋದರೆ ಇಡೀ ಸಾಲು ಆರುತ್ತದೆ. ಇಲ್ಲೂ ಹಾಗೆಯೇ. ಚೋಕ್, ಫಿಲಮೆಂಟ್, ಸ್ಟಾರ್ಟರ್, ಇನ್ನೊಂದು ಫಿಲಮೆಂಟ್, ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿದಂತೆ ಇವೆ. ಎಲ್ಲಿ ಕಡಿದರೂ ಪೂರ್ತಿ ಕತ್ತಲೆ.

ಮೊದಲು ಅದೇ ರೂಮಿನ ಫ್ಯಾನ್ ತಿರುಗುತ್ತಿದೆಯಾ ನೋಡಿ. ಕರೆಂಟ್ ಬರುತ್ತಿದೆ ಅಂತಾದರೆ ಎಂಸಿಬಿ ಇಳಿಸಿ, ಟ್ಯೂಬನ್ನು ಅದರ ಜಾಗದಲ್ಲೇ ಅತ್ತಿತ್ತ ಸ್ವಲ್ಪ ತಿರುಗಿಸಿ ಮತ್ತೆ ಸರಿಯಾಗಿ ಕೂರಿಸಿ. ಸ್ಟಾರ್ಟರ್ ಬಿಚ್ಚಿ ಮತ್ತೆ ತಿರುಗಿಸಿ ಹಾಕಿ. ಇಷ್ಟಕ್ಕೇ ಹತ್ತಿದರೆ ಪಿನ್ ಸರಿಯಾಗಿ ತಾಗುತ್ತಿರಲಿಲ್ಲ ಅಂತ ಅರ್ಥ. ಹತ್ತಲಿಲ್ಲವಾದರೆ ಬೇರೆ ರೂಮಿನಲ್ಲಿ ಚೆನ್ನಾಗಿ ಉರಿಯುವ ಸೆಟ್ಟಿನ ಸ್ಟಾರ್ಟರ್ ತಂದು ಹಾಕಿ, ಆಮೇಲೆ ಟ್ಯೂಬ್ ತಂದು ಹಾಕಿ. ಒಂದು ಸಲಕ್ಕೆ ಒಂದೇ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಲೈಟ್ ಹತ್ತಬಹುದು, ಕೆಟ್ಟದ್ದು ಯಾವುದು ಅಂತ ಮಾತ್ರ ತಿಳಿಯುವುದಿಲ್ಲ. ಎರಡರಲ್ಲೂ ಹತ್ತದಿದ್ದರೆ ಉಳಿಯುವುದು ಹೋಲ್ಡರ್, ಚೋಕ್, ವೈರು.

ಮಲ್ಟಿಮೀಟರ್ ಇದ್ದವರಿಗೆ ಕೆಲಸ ಇನ್ನೂ ಹಗುರ. ಟ್ಯೂಬ್ ಕೆಳಗಿಳಿಸಿ ಒಂದೇ ತುದಿಯ ಎರಡು ಪಿನ್‌ಗಳ ನಡುವೆ ಅಳೆಯಿರಿ. ಕೆಲವೇ ಓಮ್ ತೋರಿಸಿದರೆ ಆ ಫಿಲಮೆಂಟ್ ಸರಿ. ಏನೂ ತೋರಿಸದಿದ್ದರೆ ಕಡಿದಿದೆ, ಟ್ಯೂಬ್ ಹೋಗಿದೆ. ಎರಡೂ ತುದಿ ನೋಡಬೇಕು.

ಎರಡು ತುದಿ ಮಾತ್ರ ಕೆಂಪಗೆ ಉರಿಯುತ್ತವೆ, ನಡುವೆ ಕತ್ತಲೆ. ಟ್ಯೂಬ್ ಹೋಯಿತಾ?

ಬಹುತೇಕ ಇಲ್ಲ. ಸ್ಟಾರ್ಟರ್ ಹೋಗಿದೆ. ಅದರೊಳಗಿನ ಪುಟ್ಟ ಲೋಹದ ಪಟ್ಟಿ ಪಕ್ಕದ ತಂತಿಗೆ ಅಂಟಿಕೊಂಡುಬಿಟ್ಟಿದೆ, ಅಥವಾ ಒಳಗಿನ ಪುಟ್ಟ ಕೆಪಾಸಿಟರ್ ಶಾರ್ಟ್ ಆಗಿದೆ. ತುದಿಗಳು ಕಾಯುತ್ತಲೇ ಇವೆ, ದಾರಿ ಬಿಡಿಸುವವರಿಲ್ಲ. ಹಾಗಾಗಿ ಚೋಕ್‌ನ ಏಟು ಬೀಳುವುದೇ ಇಲ್ಲ.

ಇದನ್ನು ಬೇಗ ಸರಿ ಮಾಡಬೇಕು. ರಾತ್ರಿಯಿಡೀ ಹೀಗೆ ಬಿಟ್ಟರೆ ಫಿಲಮೆಂಟ್ ಸವೆದು ಒಳ್ಳೇ ಟ್ಯೂಬೂ ಹಾಳಾಗುತ್ತದೆ, ಚೋಕ್ ಬಿಸಿಯಾಗುತ್ತದೆ. ಹಿಂದೆ ನಮ್ಮ ಕಡೆ ದೊಡ್ಡವರು ಲೈಟ್ ಆನ್ ಇದ್ದಾಗಲೇ ಸ್ಟಾರ್ಟರ್ ತಿರುಗಿಸಿ ಕಿತ್ತುಬಿಡುತ್ತಿದ್ದರು. ತಕ್ಷಣ ಲೈಟ್ ಹತ್ತುತ್ತಿತ್ತು. ಸ್ಟಾರ್ಟರ್ ಮಾಡಬೇಕಾದ ಕೆಲಸವನ್ನು ಕೈಯಲ್ಲಿ ಮಾಡಿದಂತೆ ಅದು. ಆದರೆ ಹಳೇ ಸಾಕೆಟ್ ಒಡೆದಿದ್ದರೆ ಬೆರಳು ಸೀದಾ ಕರೆಂಟಿಗೆ ತಾಗುತ್ತದೆ. ಮಾಡಬೇಡಿ. ಸ್ಟಾರ್ಟರ್ ಬಹಳ ಅಗ್ಗದ ವಸ್ತು, ಹೊಸದು ತಂದು ಹಾಕಿ.

ಹತ್ತುವುದಕ್ಕೆ ಒದ್ದಾಡುತ್ತದೆ, ಪಕಪಕ ಅಂತ ಮಿಟುಕುತ್ತಲೇ ಇರುತ್ತದೆ. ಯಾಕೆ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕಾರಣ ನಾಲ್ಕು ಇರಬಹುದು, ನಾಲ್ಕಕ್ಕೂ ಬೇರೆ ಬೇರೆ ಗುರುತು ಇದೆ.

ತುದಿಗಳು ಕಪ್ಪಗೆ ಮಸಿ ಹಿಡಿದಂತಿದ್ದರೆ ಟ್ಯೂಬಿಗೆ ವಯಸ್ಸಾಗಿದೆ. ಹತ್ತುತ್ತದೆ, ನಿಲ್ಲುವುದಿಲ್ಲ. ನಿಲ್ಲದೆ ಹೋದಾಗಲೆಲ್ಲ ಸ್ಟಾರ್ಟರ್ ಮತ್ತೆ ಪ್ರಯತ್ನ ಮಾಡುತ್ತದೆ. ತುದಿಗಳು ಬೆಳ್ಳಗೆ ಚೆನ್ನಾಗಿದ್ದು ಮಿಟುಕುತ್ತಿದ್ದರೆ ಮೊದಲು ಸ್ಟಾರ್ಟರ್ ಬದಲಿಸಿ. ಫ್ಯಾನ್ ಗಾಳಿಗೆ, ಬಾಗಿಲು ಬಡಿದಾಗ, ಅಥವಾ ಟ್ಯೂಬನ್ನು ಮುಟ್ಟಿದಾಗ ಮಿಟುಕು ಹೆಚ್ಚುಕಮ್ಮಿ ಆದರೆ ಹೋಲ್ಡರ್ ಸಡಿಲವಾಗಿದೆ. ಹಗಲು ಸರಿಯಾಗಿದ್ದು ಸಂಜೆ ಆರರಿಂದ ಒಂಬತ್ತರವರೆಗೆ ಮಾತ್ರ ಮಿಟುಕಿದರೆ ಸೆಟ್ಟಿನದ್ದು ತಪ್ಪಿಲ್ಲ, ವೋಲ್ಟೇಜ್ ಇಳಿಯುತ್ತಿದೆ.

ಮಿಟುಕುವ ಲೈಟನ್ನು ಹಾಗೇ ಬಿಟ್ಟು ಊಟ ಮಾಡಿ ಮಲಗುವವರಿದ್ದಾರೆ. ದಯವಿಟ್ಟು ಆಫ್ ಮಾಡಿ. ಪ್ರತಿ ಸಲ ಹತ್ತುವಾಗಲೂ ಫಿಲಮೆಂಟಿನ ಲೇಪನ ಸ್ವಲ್ಪ ಹಾರಿಹೋಗುತ್ತದೆ. ನಿಮಿಷಕ್ಕೆ ಹತ್ತಾರು ಸಲ ಹತ್ತಿ ಆರಿದರೆ ಟ್ಯೂಬ್, ಸ್ಟಾರ್ಟರ್ ಎರಡೂ ಬೇಗ ಮುಗಿಯುತ್ತವೆ.

ಸ್ಟಾರ್ಟರ್ ಒಳಗೆ ಏನಿದೆ?

ಕೆಟ್ಟ ಸ್ಟಾರ್ಟರ್ ಸಿಕ್ಕಿದರೆ ಒಂದು ಸಲ ಬಿಚ್ಚಿ ನೋಡಿ, ಮಕ್ಕಳಿಗೂ ತೋರಿಸಿ. ಹೊರಗಿನ ಡಬ್ಬಿ ಹೆಬ್ಬೆರಳಿನಷ್ಟು ದಪ್ಪ. ಕೆಳಗಿನ ಬಿಲ್ಲೆಯನ್ನು ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿದರೆ ಒಳಗಿನದು ಪೂರ್ತಿ ಹೊರಗೆ ಬರುತ್ತದೆ. ಒಂದು ಕಡೆ ಪುಟ್ಟ ಗಾಜಿನ ಬುರುಡೆ, ಇನ್ನೊಂದು ಕಡೆ ಅದಕ್ಕಿಂತ ಚಿಕ್ಕ ಕೆಪಾಸಿಟರ್. ಗಾಜಿನೊಳಗೆ ಬೆಳಕಿಗೆ ಹಿಡಿದು ನೋಡಿದರೆ ಒಂದು ನೆಟ್ಟಗಿನ ತಂತಿ, ಅದರ ಪಕ್ಕ ಕೊಕ್ಕೆಯಂತೆ ಬಾಗಿದ ತಗಡಿನ ಪಟ್ಟಿ ಕಾಣುತ್ತದೆ. ಆ ಪಟ್ಟಿ ಎರಡು ಬೇರೆ ಲೋಹ ಸೇರಿಸಿ ಮಾಡಿದ್ದು. ಬಿಸಿಯಾದರೆ ಬಾಗಿ ತಂತಿಗೆ ತಾಗುತ್ತದೆ, ತಣ್ಣಗಾದರೆ ಹಿಂದೆ ಸರಿಯುತ್ತದೆ.

ಸ್ವಿಚ್ ಹಾಕಿದಾಗ ಗಾಜಿನೊಳಗಿನ ಅನಿಲ ಸಣ್ಣಗೆ ಹೊಳೆದು ಪಟ್ಟಿಯನ್ನು ಬಿಸಿ ಮಾಡುತ್ತದೆ. ಪಟ್ಟಿ ತಾಗಿದ ಕೂಡಲೇ ಹೊಳಪು ನಿಲ್ಲುತ್ತದೆ, ತಣ್ಣಗಾಗಿ ಬಿಡಿಸಿಕೊಳ್ಳುತ್ತದೆ. ಕೆಟ್ಟ ಸ್ಟಾರ್ಟರಿನಲ್ಲಿ ಪಟ್ಟಿ ತಂತಿಗೆ ಬೆಸುಗೆ ಹಾಕಿದಂತೆ ಅಂಟಿರುವುದು, ಇಲ್ಲವೇ ಗಾಜು ಒಳಗೆಲ್ಲ ಕಪ್ಪಾಗಿರುವುದು ಕಣ್ಣಿಗೇ ಕಾಣುತ್ತದೆ.

ಅಂಗಡಿಯಲ್ಲಿ ಯಾವ ಸ್ಟಾರ್ಟರ್ ಕೇಳಬೇಕು?

ಡಬ್ಬಿಯ ಮೇಲೆ ಬರೆದಿರುತ್ತದೆ. ನಾಲ್ಕಡಿಯ ಒಂದೇ ಟ್ಯೂಬಿಗೆ ಎಸ್10 ಥರದ್ದು. ಒಂದೇ ಚೋಕ್‌ಗೆ ಎರಡಡಿಯ ಎರಡು ಟ್ಯೂಬ್ ಸಾಲಾಗಿ ಹಾಕಿದ್ದರೆ ಎರಡಕ್ಕೂ ಎಸ್2 ಬೇಕು. ಅದಲುಬದಲಾದರೆ ಸರಿಯಾಗಿ ಹತ್ತುವುದಿಲ್ಲ. ಹಳೇ ಸ್ಟಾರ್ಟರನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ ತೋರಿಸುವುದು ಸುಲಭ.

ಟ್ಯೂಬಿನ ತುದಿ ಕಪ್ಪಾಗುವುದು ಯಾಕೆ? ಒರೆಸಿದರೆ ಹೋಗುತ್ತಾ?

ಹೋಗುವುದಿಲ್ಲ, ಅದು ಗಾಜಿನ ಒಳಗಡೆ ಇದೆ. ಫಿಲಮೆಂಟಿನ ಮೇಲಿನ ಲೇಪನ ದಿನಾ ಸ್ವಲ್ಪ ಸ್ವಲ್ಪ ಹಾರಿ ಹತ್ತಿರದ ಗಾಜಿಗೆ ಅಂಟುತ್ತದೆ. ತುದಿಯಲ್ಲಿ ತೆಳ್ಳಗೆ ಬೂದು ಬಣ್ಣ ಇದ್ದರೆ ಚಿಂತೆ ಇಲ್ಲ, ಇನ್ನೂ ಉರಿಯುತ್ತದೆ. ಎರಡು ಮೂರು ಬೆರಳಷ್ಟು ಅಗಲಕ್ಕೆ ಕಡುಗಪ್ಪಾದರೆ ಬದಲಿಸುವ ಹೊತ್ತು ಬಂದಿದೆ.

ಹೊಸ ಟ್ಯೂಬ್ ತಿಂಗಳೊಪ್ಪತ್ತಿನಲ್ಲೇ ಕಪ್ಪಾದರೆ ಮಾತ್ರ ಅನುಮಾನ ಪಡಿ. ಚೋಕ್ ಒಳಗಿನ ಸುತ್ತುಗಳು ಒಂದಕ್ಕೊಂದು ಸೇರಿಕೊಂಡು ಜಾಸ್ತಿ ಕರೆಂಟ್ ಬಿಡುತ್ತಿರಬಹುದು, ಅಥವಾ ಕೆಟ್ಟ ಸ್ಟಾರ್ಟರ್ ಮತ್ತೆ ಮತ್ತೆ ಏಟು ಕೊಡುತ್ತಿರಬಹುದು.

ಹೋಲ್ಡರ್ ಅಷ್ಟೊಂದು ಮುಖ್ಯವೇ? ಅದು ಬರೀ ಪ್ಲಾಸ್ಟಿಕ್ ಅಲ್ವಾ?

ತುಂಬ ಮುಖ್ಯ. ನಮ್ಮ ಅಡುಗೆಮನೆ ಲೈಟ್ ಒಂದು ಮಳೆಗಾಲದಲ್ಲಿ ಎರಡು ತಿಂಗಳು ನನ್ನನ್ನು ಆಟವಾಡಿಸಿತು. ಸ್ಟಾರ್ಟರ್ ಬದಲಿಸಿದೆ, ಟ್ಯೂಬ್ ಬದಲಿಸಿದೆ, ಎರಡು ದಿನ ಸರಿ, ಮತ್ತೆ ಮಿಟುಕು. ಕೊನೆಗೆ ಹಗಲು ಹೊತ್ತು, ಮೇನ್ ಆಫ್ ಮಾಡಿ, ಟಾರ್ಚ್ ಹಿಡಿದು ಹೋಲ್ಡರ್ ಒಳಗೆ ನೋಡಿದೆ. ಒಂದು ಬದಿಯ ಹಿತ್ತಾಳೆ ನಾಲಿಗೆ ಹಿಂದಕ್ಕೆ ಬಾಗಿ ಪಿನ್ನಿಗೆ ಅರ್ಧವೇ ತಾಗುತ್ತಿತ್ತು. ಅದರ ಮೇಲೆ ಒಗ್ಗರಣೆ ಹೊಗೆಯ ಜಿಡ್ಡು, ಜಿಡ್ಡಿನ ಮೇಲೆ ಧೂಳು, ಮೂಲೆಯಲ್ಲಿ ಹಲ್ಲಿಯ ಹಿಕ್ಕೆ. ಪ್ಲಾಸ್ಟಿಕ್ ಹಳದಿಯಾಗಿ, ಉಗುರಿನಿಂದ ಒತ್ತಿದರೆ ಚೂರಾಗುವಷ್ಟು ಹಪ್ಪಳವಾಗಿತ್ತು. ಎರಡೂ ಹೋಲ್ಡರ್ ಬದಲಿಸಿದ ಮೇಲೆ ಆ ಲೈಟ್ ಇವತ್ತಿನವರೆಗೂ ಒಮ್ಮೆಯೂ ತಕರಾರು ಮಾಡಿಲ್ಲ.

ಹೋಲ್ಡರ್ ಸಡಿಲವಿದ್ದರೆ ಪಿನ್ ಮತ್ತು ನಾಲಿಗೆಯ ನಡುವೆ ಸಣ್ಣ ಕಿಡಿ ಹಾರುತ್ತಿರುತ್ತದೆ. ಅಲ್ಲಿ ಪ್ಲಾಸ್ಟಿಕ್ ಕಂದಾಗಿ ಸುಟ್ಟ ಗುರುತು ಕಂಡರೆ ಉಜ್ಜಿ ಸರಿಮಾಡಲು ಹೋಗಬೇಡಿ, ಬದಲಿಸಿ. ಟ್ಯೂಬಿನ ಪಿನ್‌ಗಳಿಗೆ ಹಸಿರು ಕಿಲುಬು ಹಿಡಿದಿದ್ದರೆ ಒಣ ಬಟ್ಟೆಯಿಂದ ಒರೆಸಿ, ಹೋಗದಿದ್ದರೆ ಸಣ್ಣ ಮರಳು ಕಾಗದದಿಂದ ನಯವಾಗಿ ಒಂದೆರಡು ಸಲ ಉಜ್ಜಿ. ಟ್ಯೂಬ್ ಕೂರಿಸುವಾಗ ಎರಡೂ ತುದಿಯ ಪಿನ್‌ಗಳು ಸೀಳಿನೊಳಗೆ ಪೂರ್ತಿ ಹೋದ ಮೇಲೆ ಕಾಲು ಸುತ್ತು ತಿರುಗಿಸಿ. ಕಟಕ್ ಅಂತ ಕೂತ ಅನುಭವ ಕೈಗೆ ಗೊತ್ತಾಗುತ್ತದೆ. ಹಲ್ಲಿ, ಇರುವೆ, ಜೇಡ ಎಲ್ಲಕ್ಕೂ ಬೆಚ್ಚಗಿನ ಪಟ್ಟಿ ಇಷ್ಟ, ಹಾಗಾಗಿ ವರ್ಷಕ್ಕೊಮ್ಮೆ, ಯುಗಾದಿಗೆ ಮನೆ ಧೂಳು ಹೊಡೆಯುವಾಗ, ಮೇನ್ ಆಫ್ ಮಾಡಿ ಪಟ್ಟಿಯ ಮುಚ್ಚಳ ತೆಗೆದು ಒಣ ಬ್ರಷ್‌ನಿಂದ ಗುಡಿಸಿಬಿಡಿ.

ಗುಂಯ್ ಅಂತ ಸದ್ದು ಬರುತ್ತದೆ. ಅಪಾಯವೇ?

ಸಾಮಾನ್ಯವಾಗಿ ಅಲ್ಲ. ತಾಮ್ರದ ಚೋಕ್ ಅಂದರೆ ತೆಳು ಕಬ್ಬಿಣದ ತಗಡುಗಳ ಕಟ್ಟಿಗೆ ತಂತಿ ಸುತ್ತಿದ್ದು. ನಮ್ಮ 50 ಹರ್ಟ್ಸ್ ಕರೆಂಟಿಗೆ ಆ ತಗಡುಗಳು ಸೆಕೆಂಡಿಗೆ 100 ಸಲ ನಡುಗುತ್ತವೆ. ಕಟ್ಟು ಸಡಿಲವಾದರೆ ಸದ್ದು ಹೆಚ್ಚುತ್ತದೆ. ಬಹಳ ಸಲ ಚೋಕ್ ಸರಿಯಾಗೇ ಇದ್ದು, ಅದನ್ನು ಪಟ್ಟಿಗೆ ಹಿಡಿದ ಸ್ಕ್ರೂ ಸಡಿಲವಾಗಿ ತಗಡು ಗುಂಯ್‌ಗುಡುತ್ತದೆ. ಸ್ಕ್ರೂ ಬಿಗಿ ಮಾಡಿ ನೋಡಿ. ಮಧ್ಯೆ ರಬ್ಬರಿನ ತುಂಡು ಕೊಡುವುದು ಬೇಡ, ಚೋಕ್ ತನ್ನ ಬಿಸಿಯನ್ನು ತಗಡಿಗೆ ದಾಟಿಸಿ ತಣ್ಣಗಾಗುತ್ತದೆ.

ಸುಟ್ಟ ವಾಸನೆ, ಪಟ್ಟಿಯಿಂದ ಕಪ್ಪು ಟಾರ್‌ನಂಥದ್ದು ಇಳಿದಿದೆ.

ತಕ್ಷಣ ಆಫ್ ಮಾಡಿ. ಮತ್ತೊಮ್ಮೆ ಹಾಕಿ ನೋಡುವುದೂ ಬೇಡ. ಚೋಕ್ ಒಳಗೆ ತುಂಬಿದ್ದ ಡಾಂಬರಿನಂಥ ವಸ್ತು ಕರಗಿ ಇಳಿಯುತ್ತಿದೆ. ಅಷ್ಟು ಬಿಸಿಯಾದ ಚೋಕ್ ಮತ್ತೆ ಸರಿಹೋಗುವುದಿಲ್ಲ. ಮರದ ಅಟ್ಟ, ಹುಲ್ಲು ಇಟ್ಟ ಕೊಟ್ಟಿಗೆ, ಪರದೆ ಹತ್ತಿರ ಇರುವ ಸೆಟ್ ಆದರೆ ಬೆಂಕಿಯ ಭಯವೂ ಇದೆ.

ಹೊಸ ಟ್ಯೂಬ್ ಹಾಕಿದ ಕೂಡಲೇ ಪಕ್ ಅಂತ ಜೋರಾಗಿ ಬೆಳಗಿ ಆರಿಹೋಯಿತು. ಅಂಗಡಿಯವರು ಕೆಟ್ಟ ಟ್ಯೂಬ್ ಕೊಟ್ಟರಾ?

ಅಂಗಡಿಗೆ ಹೋಗುವ ಮುಂಚೆ ಚೋಕ್ ನೋಡಿ. ಚೋಕ್ ಶಾರ್ಟ್ ಆಗಿದ್ದರೆ ಕರೆಂಟನ್ನು ಹಿಡಿಯುವವರೇ ಇಲ್ಲ, ಪೂರ್ತಿ ಕರೆಂಟ್ ಫಿಲಮೆಂಟಿಗೆ ನುಗ್ಗಿ ಸುಡುತ್ತದೆ. ಇನ್ನೊಂದು ಟ್ಯೂಬ್ ಹಾಕಿದರೆ ಅದೂ ಹಾಗೇ ಹೋಗುತ್ತದೆ. ಮೇನ್ ಆಫ್ ಮಾಡಿ, ಚೋಕ್‌ನ ಒಂದು ವೈರ್ ಬಿಚ್ಚಿ ಮಲ್ಟಿಮೀಟರಿನಲ್ಲಿ ಅಳೆದರೆ ನಾಲ್ಕಡಿ ಟ್ಯೂಬಿನ ಚೋಕ್ ಕೆಲವು ಹತ್ತು ಓಮ್ ತೋರಿಸಬೇಕು. ಸೊನ್ನೆ ಹತ್ತಿರ ಇದ್ದರೆ ಶಾರ್ಟ್, ಏನೂ ಇಲ್ಲವಾದರೆ ಒಳಗೆ ಕಡಿದಿದೆ.

ಹೊಸ ಟ್ಯೂಬಿನಲ್ಲಿ ಬೆಳಕು ಹಾವು ಹರಿದಂತೆ ಸುತ್ತುತ್ತಿದೆ.

ಹೊಸದರಲ್ಲಿ ಹೀಗಾಗುವುದುಂಟು. ಆರಿಸಿ ಹಾಕಿ ನಾಲ್ಕಾರು ಸಲ ಮಾಡಿ, ಕೆಲವು ಗಂಟೆ ಉರಿಯಲು ಬಿಡಿ. ಸಾಮಾನ್ಯವಾಗಿ ನಿಲ್ಲುತ್ತದೆ. ದಿನಗಟ್ಟಲೆ ನಿಲ್ಲದಿದ್ದರೆ ಸ್ಟಾರ್ಟರ್ ಬದಲಿಸಿ, ಆಮೇಲೂ ನಿಲ್ಲದಿದ್ದರೆ ಟ್ಯೂಬ್ ವಾಪಸ್ ಕೊಡಿ.

ಚಳಿಗಾಲದ ಬೆಳಗ್ಗೆ ಹತ್ತುವುದೇ ಇಲ್ಲ, ಹತ್ತಿದರೂ ಮಂಕು.

ಮಲೆನಾಡು, ಕೊಡಗಿನ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ತಂಪಿನಲ್ಲಿ ಪಾದರಸ ಸಾಕಷ್ಟು ಆವಿಯಾಗುವುದಿಲ್ಲ. ಟ್ಯೂಬ್ ಬಿಸಿಯಾದ ಮೇಲೆ ಬೆಳಕು ತಾನೇ ಏರುತ್ತದೆ. ಮಂಜು ಬೀಳುವ ಜಗಲಿ, ಬಚ್ಚಲ ಕಡೆಯ ಟ್ಯೂಬಿನ ಮೇಲೆ ತೇವ ಮತ್ತು ಧೂಳು ಕೂತಿದ್ದರೂ ಹತ್ತುವುದು ಕಷ್ಟ. ಆಫ್ ಮಾಡಿ ಒಣ ಬಟ್ಟೆಯಿಂದ ಒರೆಸಿ ನೋಡಿ, ವ್ಯತ್ಯಾಸ ಕಾಣುತ್ತದೆ.

ವೋಲ್ಟೇಜ್ ಕಡಿಮೆ ಇದ್ದರೂ ಇದೇ ಪಾಡು. ನಮ್ಮಲ್ಲಿ ಇರಬೇಕಾದ್ದು 230 ವೋಲ್ಟ್. ತೋಟಗಳ ಪಂಪ್‌ಸೆಟ್ ಓಡುವ ಹೊತ್ತಲ್ಲಿ 180ರ ಆಸುಪಾಸಿಗೆ ಇಳಿದರೆ ತಾಮ್ರದ ಚೋಕ್ ಇರುವ ಸೆಟ್ ಒದ್ದಾಡುತ್ತದೆ. ಅಂಥ ಊರಲ್ಲಿ ಎಲೆಕ್ಟ್ರಾನಿಕ್ ಚೋಕ್ ಅಥವಾ ಎಲ್‌ಇಡಿ ವಾಸಿ.

ಸ್ವಿಚ್ ಆಫ್ ಮಾಡಿದರೂ ಸಣ್ಣಗೆ ಹೊಳೆಯುತ್ತಿರುತ್ತದೆ.

ಆಫ್ ಮಾಡಿದ ಮೇಲೆ ಸ್ವಲ್ಪ ಹೊತ್ತು ಬಿಳಿ ಪುಡಿ ತೆಳ್ಳಗೆ ಹೊಳೆದು ಆರಿದರೆ ಏನೂ ಇಲ್ಲ. ಗಂಟೆಗಟ್ಟಲೆ ಹೊಳೆದರೆ ಎರಡು ಕಾರಣ ನೋಡಿ. ಸ್ವಿಚ್ಚಿನಲ್ಲಿ ಕೆಂಪು ಇಂಡಿಕೇಟರ್ ದೀಪ ಇದ್ದು, ಸೆಟ್ಟಿನಲ್ಲಿ ಎಲ್‌ಇಡಿ ಟ್ಯೂಬ್ ಇದ್ದರೆ ಆ ದೀಪದ ಮೂಲಕ ಹರಿಯುವ ಚೂರು ಕರೆಂಟಿಗೇ ಟ್ಯೂಬ್ ಮಿಣುಕುತ್ತದೆ. ಇಂಡಿಕೇಟರ್ ಇಲ್ಲದಿದ್ದರೆ ಸ್ವಿಚ್ ನ್ಯೂಟ್ರಲ್ ಮೇಲೆ ಕೂತಿರಬಹುದು. ಆಗ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಫೇಸ್ ಸ್ವಿಚ್ಚಿಗೆ ಬರುವಂತೆ ಮಾಡಿಸಿ. ಒಂದು ರೂಮಿನಲ್ಲಿ ಹಾಗಿದ್ದರೆ ಮನೆಯ ಬಾಕಿ ರೂಮುಗಳನ್ನೂ ನೋಡಿಸಿ.

ಲೈಟ್ ಹಾಕಿದರೆ ಎಂಸಿಬಿ ಬೀಳುತ್ತದೆ.

ಎಲ್ಲೋ ವೈರ್ ತಗಡಿಗೆ ತಾಗಿದೆ, ಅಥವಾ ಚೋಕ್ ಸುಟ್ಟಿದೆ. ಪಟ್ಟಿಯ ಅಂಚಿನ ತೂತಿನಲ್ಲಿ ವೈರ್ ಒಳಗೆ ಬರುವ ಜಾಗದಲ್ಲಿ ಮೇಲಿನ ಪ್ಲಾಸ್ಟಿಕ್ ಸವೆದಿರುವುದು ಹೆಚ್ಚು. ಮತ್ತೆ ಮತ್ತೆ ಎಂಸಿಬಿ ಎತ್ತಬೇಡಿ. ತಗಡಿನ ಪಟ್ಟಿಗೆ ಅರ್ತ್ ವೈರ್ ಕೊಟ್ಟಿದ್ದಾರಾ ಅಂತ ಇದೇ ಸಮಯದಲ್ಲಿ ನೋಡಿಸಿ. ಹಳೇ ಮನೆಗಳಲ್ಲಿ ಬಹಳ ಕಡೆ ಕೊಟ್ಟಿರುವುದಿಲ್ಲ. ಅರ್ತ್ ಇಲ್ಲದ ತಗಡಿಗೆ ಫೇಸ್ ತಾಗಿದರೆ ಎಂಸಿಬಿ ಬೀಳುವುದಿಲ್ಲ, ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.

ನಮ್ಮ ಸೆಟ್ಟಿನಲ್ಲಿ ಸ್ಟಾರ್ಟರೇ ಇಲ್ಲ. ಕಳೆದುಹೋಗಿದೆಯಾ?

ಇಲ್ಲ, ನಿಮ್ಮದು ಎಲೆಕ್ಟ್ರಾನಿಕ್ ಚೋಕ್. ಅದಕ್ಕೆ ಸ್ಟಾರ್ಟರ್ ಬೇಡ. ಇದು ಕರೆಂಟನ್ನು ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ಅದಲುಬದಲು ಮಾಡಿ ಟ್ಯೂಬಿಗೆ ಕೊಡುತ್ತದೆ. ಹಾಗಾಗಿ ಗುಂಯ್ ಸದ್ದಿಲ್ಲ, ಬೆಳಕಿನ ನಡುಕ ಇಲ್ಲ, ಸ್ವಿಚ್ ಹಾಕಿದ ಕೂಡಲೇ ಹತ್ತುತ್ತದೆ, ಕರೆಂಟೂ ಕಡಿಮೆ.

ಕೆಟ್ಟರೆ ಸಾಮಾನ್ಯವಾಗಿ ಒಮ್ಮೆಗೇ ಕೆಡುತ್ತದೆ. ಒಳ್ಳೇ ಟ್ಯೂಬ್ ಹಾಕಿದರೂ ಹತ್ತದಿದ್ದರೆ ಚೋಕ್ ಬದಲಿಸುವುದೇ ದಾರಿ. ಮೇಲೆ ವೈರಿಂಗ್ ಚಿತ್ರ ಇರುತ್ತದೆ, ಹಳೆಯದನ್ನು ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಚ್ಚಳ ತೆಗೆದು ಒಳಗೆ ಕೈ ಹಾಕಬೇಡಿ. ಆಫ್ ಮಾಡಿದ ಮೇಲೂ ಅದರ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು 300 ವೋಲ್ಟ್‌ವರೆಗೆ ಉಳಿದಿರಬಹುದು.

ಅಂದಹಾಗೆ ಹಿಟ್ಟಿನ ಗಿರಣಿ, ಲೇತ್ ಇರುವ ಕಡೆ ತಾಮ್ರದ ಚೋಕ್‌ನ ಒಂಟಿ ಟ್ಯೂಬ್ ಒಳ್ಳೆಯದಲ್ಲ. ಸೆಕೆಂಡಿಗೆ 100 ಸಲ ಬೆಳಕು ಏರಿಳಿಯುವುದರಿಂದ, ಜೋರಾಗಿ ತಿರುಗುವ ಚಕ್ರ ನಿಧಾನವಾಗಿ ತಿರುಗಿದಂತೆ ಅಥವಾ ನಿಂತಂತೆ ಕಾಣಬಹುದು. ನಿಂತಿದೆ ಅಂದುಕೊಂಡು ಕೈ ಹಾಕಿದರೆ ಬೆರಳೇ ಹೋಗುತ್ತದೆ.

ಲೈಟ್ ಹಾಕಿದರೆ ರೇಡಿಯೋದಲ್ಲಿ ಕರಕರ.

ಸ್ಟಾರ್ಟರಿನ ಆ ಪುಟ್ಟ ಕೆಪಾಸಿಟರ್ ಇರುವುದೇ ಇದನ್ನು ತಡೆಯಲು. ಅದು ಹೋದರೆ, ಅಥವಾ ಅಗ್ಗದ ಎಲೆಕ್ಟ್ರಾನಿಕ್ ಚೋಕ್ ಇದ್ದರೆ ಮೀಡಿಯಂ ವೇವ್ ಕೇಳುವುದು ಕಷ್ಟ. ಆಕಾಶವಾಣಿ ಭದ್ರಾವತಿ ಕೇಳುತ್ತಾ ಅಡುಗೆ ಮಾಡುತ್ತಿದ್ದ ನಮ್ಮ ಅಮ್ಮ ಇದೇ ಕಾರಣಕ್ಕೆ ಬೆಳಗಿನ ವಾರ್ತೆ ಹೊತ್ತಿಗೆ ಟ್ಯೂಬ್‌ಲೈಟ್ ಆರಿಸಿ ಬಲ್ಬ್ ಹಾಕುತ್ತಿದ್ದರು. ಸ್ಟಾರ್ಟರ್ ಬದಲಿಸಿ ನೋಡಿ, ರೇಡಿಯೋವನ್ನು ಲೈಟಿನಿಂದ ದೂರ ಇಡಿ.

ಹಳೇ ದಪ್ಪ ಟ್ಯೂಬಿನ ಜಾಗಕ್ಕೆ ಈಗಿನ ಸಣ್ಣದು ಹಾಕಬಹುದಾ?

40 ವ್ಯಾಟಿನ ದಪ್ಪ ಟ್ಯೂಬ್ 38 ಮಿಲಿಮೀಟರ್, 36 ವ್ಯಾಟಿನದು 26 ಮಿಲಿಮೀಟರ್. ಉದ್ದ, ಪಿನ್ ಎರಡೂ ಒಂದೇ, ನಮ್ಮ ಮನೆಗಳ ತಾಮ್ರದ ಚೋಕ್‌ಗೆ ಎರಡೂ ಹೊಂದುತ್ತವೆ. ಬೆರಳು ಗಾತ್ರದ 28 ವ್ಯಾಟಿನ ಟಿ5 ಮಾತ್ರ ಬೇರೆ. ಅದರ ಪಿನ್ ಹತ್ತಿರ ಹತ್ತಿರ ಇರುತ್ತವೆ, ಅದಕ್ಕೆ ಅದರದ್ದೇ ಎಲೆಕ್ಟ್ರಾನಿಕ್ ಚೋಕ್ ಬೇಕು.

ಹಳೇ ಪಟ್ಟಿಗೇ ಎಲ್‌ಇಡಿ ಟ್ಯೂಬ್ ಹಾಕಿದರೆ ಸಾಕಲ್ವಾ?

ಹಾಕಬಹುದು, ಆದರೆ ಡಬ್ಬಿ ಮೇಲಿನ ಚಿತ್ರ ನೋಡದೆ ಹಾಕಬೇಡಿ. ಎಲ್‌ಇಡಿ ಟ್ಯೂಬ್ ಒಂದೇ ಥರ ಇರುವುದಿಲ್ಲ. ಕೆಲವಕ್ಕೆ ಫೇಸ್, ನ್ಯೂಟ್ರಲ್ ಎರಡೂ ಒಂದೇ ತುದಿಗೆ ಕೊಡಬೇಕು. ಕೆಲವಕ್ಕೆ ಈ ತುದಿಗೆ ಫೇಸ್, ಆ ತುದಿಗೆ ನ್ಯೂಟ್ರಲ್. ಕೆಲವು ಟ್ಯೂಬಿನ ಜೊತೆ ಸ್ಟಾರ್ಟರಿನ ಆಕಾರದ ಒಂದು ತುಂಡು ಕೊಡುತ್ತಾರೆ. ಹಳೇ ಸ್ಟಾರ್ಟರ್ ತೆಗೆದು ಅದನ್ನು ಹಾಕಬೇಕು. ಎಲೆಕ್ಟ್ರಾನಿಕ್ ಚೋಕ್ ಇರುವ ಸೆಟ್ಟಿನಲ್ಲಿ, ಟ್ಯೂಬಿನ ಮೇಲೆ ನಡೆಯುತ್ತದೆ ಅಂತ ಬರೆದಿರದಿದ್ದರೆ ಚೋಕನ್ನು ತೆಗೆಸಲೇಬೇಕು.

ಎರಡು ತುದಿಗೂ ಕರೆಂಟ್ ಕೊಡುವ ಟ್ಯೂಬ್ ಹಾಕುವಾಗ ಎಂಸಿಬಿ ಇಳಿಸುವುದನ್ನು ಮರೆಯಬೇಡಿ. ಒಂದು ತುದಿ ಕೂರಿಸಿ ಇನ್ನೊಂದನ್ನು ಕೈಯಲ್ಲಿ ಹಿಡಿದಾಗ ಆ ಪಿನ್ನಿನಲ್ಲಿ ಕರೆಂಟ್ ಇರಬಹುದು. ಚೋಕ್ ತೆಗೆಸಿ ವೈರಿಂಗ್ ಬದಲಿಸಿದ್ದರೆ ಪಟ್ಟಿಯ ಮೇಲೆ "ಎಲ್‌ಇಡಿ ಮಾತ್ರ" ಅಂತ ದೊಡ್ಡದಾಗಿ ಬರೆದು ಅಂಟಿಸಿ. ನಾಳೆ ಯಾರೋ ತಿಳಿಯದೆ ಹಳೇ ಟ್ಯೂಬ್ ಹಾಕಿದರೆ ಫಿಲಮೆಂಟಿಗೆ ನೇರ 230 ವೋಲ್ಟ್ ಹೊಡೆದು ಟ್ಯೂಬ್ ಸಿಡಿಯಬಹುದು.

ನನ್ನ ಮಾತು ಕೇಳುವುದಾದರೆ, ಪಟ್ಟಿ ಗಟ್ಟಿಯಾಗಿದ್ದು ಸ್ಟಾರ್ಟರ್ ಅಥವಾ ಹೋಲ್ಡರ್ ಮಾತ್ರ ಹೋಗಿದ್ದರೆ ರಿಪೇರಿ ಮಾಡಿಕೊಳ್ಳಿ. ಚೋಕೇ ಹೋಗಿದ್ದರೆ ಪೂರ್ತಿ ಎಲ್‌ಇಡಿ ಪಟ್ಟಿ ಹಾಕಿಸಿ. 36 ವ್ಯಾಟಿನ ಟ್ಯೂಬ್, ತಾಮ್ರದ ಚೋಕ್ ತಿನ್ನುವ ಹತ್ತು ಹನ್ನೆರಡು ವ್ಯಾಟ್, ಎರಡೂ ಸೇರಿ ಸುಮಾರು 48. ಎಲ್‌ಇಡಿಯದು 20. ದಿನಕ್ಕೆ ಐದು ಗಂಟೆ ಉರಿಸಿದರೆ ತಿಂಗಳಿಗೆ ನಾಲ್ಕು ಯೂನಿಟ್ ಉಳಿಯುತ್ತದೆ.

ಟ್ಯೂಬ್ ಬಿದ್ದು ಒಡೆಯಿತು. ಪಾದರಸ ವಿಷ ಅಲ್ವಾ?

ಹೌದು, ಒಂದು ಟ್ಯೂಬಿನಲ್ಲಿ ಇರುವುದು ಕೆಲವೇ ಮಿಲಿಗ್ರಾಂ, ಆದರೂ ಉಸಿರಿಗೆ ಹೋಗಬಾರದು. ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆಗೆದು, ಫ್ಯಾನ್ ಆಫ್ ಮಾಡಿ, ಹತ್ತು ಹದಿನೈದು ನಿಮಿಷ ನೀವೂ ಹೊರಗಿರಿ. ಆಮೇಲೆ ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಗಟ್ಟಿ ರಟ್ಟಿನಿಂದ ಚೂರು, ಪುಡಿ ಎಲ್ಲ ಬಾಚಿ ಮುಚ್ಚಳವಿರುವ ಗಾಜಿನ ಬಾಟಲಿಗೆ ಹಾಕಿ. ಉಳಿದ ಪುಡಿಯನ್ನು ಒದ್ದೆ ಪೇಪರಿನಿಂದ ಒರೆಸಿ ಅದನ್ನೂ ಬಾಟಲಿಗೆ ಹಾಕಿ. ಪೊರಕೆಯಲ್ಲಿ ಗುಡಿಸಬೇಡಿ, ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ, ಎರಡೂ ಪುಡಿಯನ್ನು ಗಾಳಿಗೆ ಎಬ್ಬಿಸುತ್ತವೆ.

ಹಳೇ ಟ್ಯೂಬನ್ನು ತಿಪ್ಪೆಗೆ ಎಸೆಯುವುದು, ಢಂ ಅಂತ ಸದ್ದು ಬರುತ್ತದೆ ಅಂತ ಮಕ್ಕಳು ಕಲ್ಲಿಗೆ ಹೊಡೆದು ಆಡುವುದು ನಮ್ಮೂರುಗಳಲ್ಲಿ ಇನ್ನೂ ಇದೆ. ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹೊಸ ಟ್ಯೂಬಿನ ರಟ್ಟಿನ ಕವಚದಲ್ಲೇ ಹಳೆಯದನ್ನು ಹಾಕಿಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಪೌರಕಾರ್ಮಿಕರ ಕೈಗೆ ಕೊಡುವುದಾದರೆ ಬೇರೆ ಕಸದ ಜೊತೆ ಸೇರಿಸದೆ, ಇದು ಟ್ಯೂಬ್ ಅಂತ ಹೇಳಿ ಕೊಡಿ. ಅವರು ಬರಿಗೈಯಲ್ಲಿ ಕಸ ಬೇರ್ಪಡಿಸುತ್ತಾರೆ.

ಇನ್ನು ಎಷ್ಟು ವರ್ಷ ಈ ಟ್ಯೂಬ್ ಸಿಗುತ್ತದೆ?

ಪಾದರಸದ ಬಳಕೆ ತಗ್ಗಿಸಲು ಮಿನಮಾಟ ಒಪ್ಪಂದ ಅಂತ ಇದೆ. ಭಾರತವೂ ಅದರಲ್ಲಿದೆ. 2023ರಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಈ ಉದ್ದನೆಯ ಟ್ಯೂಬ್‌ಗಳ ತಯಾರಿಕೆ, ಆಮದು, ರಫ್ತನ್ನು 2027ರ ಹೊತ್ತಿಗೆ ನಿಲ್ಲಿಸಲು ಒಪ್ಪಿವೆ. ಅಂಗಡಿಗಳಲ್ಲಿ ಈಗಲೇ ಎಲ್‌ಇಡಿ ಪಟ್ಟಿಗಳೇ ಜಾಸ್ತಿ. ಹೊಸದಾಗಿ ಹಳೇ ಥರದ ಸೆಟ್ ಕೊಳ್ಳುವುದು ಬೇಡ. ಇರುವುದು ಚೆನ್ನಾಗಿದ್ದರೆ ಅದರ ಆಯಸ್ಸು ಇರುವವರೆಗೆ ಉರಿಯಲಿ.

ಎಲೆಕ್ಟ್ರಿಷಿಯನ್‌ನನ್ನು ಯಾವಾಗ ಕರೆಯಬೇಕು?

ಸ್ಟಾರ್ಟರ್, ಟ್ಯೂಬ್ ಬದಲಿಸುವುದು ಮನೆಯವರೇ ಮಾಡಬಹುದು. ಪಟ್ಟಿ ಮುಟ್ಟಿದರೆ ಜುಮ್ ಅನ್ನುವುದು, ಎಂಸಿಬಿ ಬೀಳುವುದು, ಸುಟ್ಟ ವಾಸನೆ, ಗೋಡೆಯಿಂದ ಬರುವ ವೈರ್ ಕಪ್ಪಾಗಿರುವುದು, ಸೂರಿನಿಂದ ನೀರು ಸೋರಿ ಪಟ್ಟಿಯೊಳಗೆ ಹೋಗಿರುವುದು, ಇವುಗಳಲ್ಲಿ ಯಾವುದು ಕಂಡರೂ ಮೇನ್ ಆಫ್ ಮಾಡಿ ಕರೆಯಿರಿ. ಅವರು ಬಂದಾಗ ಲೈಟ್ ಹೇಗೆ ಉರಿಯುತ್ತಿತ್ತು, ಯಾವ ಹೊತ್ತಲ್ಲಿ ಕೆಡುತ್ತಿತ್ತು, ನೀವು ಏನೇನು ಬದಲಿಸಿ ನೋಡಿದಿರಿ ಅಂತ ಹೇಳಿ. ಅರ್ಧ ಗಂಟೆಯ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ.